ಹಾಲು ಬೇಬಿಯಕ್ಕನದ್ದು, ವೋಟು ಮಂಜಣ್ಣನದ್ದು

ಕಳೆದ ಭಾನುವಾರ ನಾನು ಬೇಬಿಯಕ್ಕನನ್ನು ಬೂತಿನಿಂದ ಹೊರಗೆ ಕಳುಹಿಸಿದೆ. ಅದೇ ಬೆಳಿಗ್ಗೆ ಅವರು ಡೈರಿಗೆ ತಂದು ಹಾಕಿದ ಹಾಲಿನ ಚಾ ಕುಡಿದು ಡ್ಯೂಟಿಗೆ ಹೋದವಳು ನಾನು. ಆ ಚಾ ನನಗಿನ್ನೂ ಜೀರ್ಣವಾಗಿಲ್ಲ.

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಚುನಾವಣೆ ಇತ್ತು. (ಊರು ಯಾವುದು ಅಂತ ಕೇಳಬೇಡಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೈವೇ ಎರಡು ಹೋಳು ಮಾಡಿದ ಊರುಗಳು ಎಷ್ಟಿಲ್ಲ? ಅದರಲ್ಲೊಂದು ಅಂದುಕೊಳ್ಳಿ.) ಬೂತ್ ಇದ್ದದ್ದು ನಾನು ಪಾಠ ಮಾಡುವ ಶಾಲೆಯಲ್ಲೇ. ಟೀಚರ್ ಅಂದಮೇಲೆ ಯಾವ ಡ್ಯೂಟಿ ತಪ್ಪುತ್ತದೆ? ಸದಸ್ಯರ ಪಟ್ಟಿ ಎದುರಿಗಿಟ್ಟುಕೊಂಡು, ಬಂದವರ ಹೆಸರು ಹುಡುಕಿ, ಗುರುತು ನೋಡಿ, ಗೆರೆ ಎಳೆಯುವುದು ನನ್ನ ಕೆಲಸ.

ಹಾಲಿನ ಸೊಸೈಟಿಯ ಚುನಾವಣೆ ತಾನೇ ಅಂತ ಸಸಾರ ಮಾಡಬೇಡಿ. ಈ ಸಲ ಜಗಳ ಇದ್ದದ್ದು ಜಾಗದ ಬಗ್ಗೆ. ಈಗ ಡೈರಿ ಇರುವುದು ಹೈವೇಯ ಪಡುಬದಿಯಲ್ಲಿ. ಹಾಲು ಹಾಕುವ ಮನೆಗಳಲ್ಲಿ ಹೆಚ್ಚಿನವು ಇರುವುದೂ ಅಲ್ಲೇ. ಒಂದು ತಂಡ ಡೈರಿಯನ್ನು ಮೂಡುಬದಿಯ ಹೊಸ ಕಾಂಪ್ಲೆಕ್ಸಿಗೆ ಒಯ್ಯುತ್ತೇವೆ ಅಂತ ನಿಂತಿತ್ತು. ಲಾರಿ ತಿರುಗಿಸಲು ಜಾಗ ಇದೆಯಂತೆ, ನೆಲಕ್ಕೆ ಟೈಲ್ಸ್ ಇದೆಯಂತೆ. ಇನ್ನೊಂದು ತಂಡ ಇದ್ದಲ್ಲೇ ಇರಲಿ ಅನ್ನುತ್ತಿತ್ತು.

ಟೈಲ್ಸ್ ಯಾರಿಗೆ ಬೇಡ? ಆದರೆ ಅದರ ಮೇಲೆ ಕಾಲಿಡಲು ಮೊದಲು ನಾಲ್ಕು ಲೇನ್ ದಾಟಬೇಕು. ಬೆಳಿಗ್ಗೆ ಆರು ಗಂಟೆಗೆ, ಒಂದು ಕೈಯಲ್ಲಿ ಕ್ಯಾನ್ ಹಿಡಿದುಕೊಂಡು. ಸಂಜೆ ಮತ್ತೊಮ್ಮೆ. ಹೋದ ಮಳೆಗಾಲದಲ್ಲಿ ಬೇಬಿಯಕ್ಕನ ಪಕ್ಕದ ಮನೆಯವರು ಅಂಗಡಿಗೆಂದು ದಾಟುವಾಗ ಬೈಕ್ ಬಡಿದು ಸೊಂಟ ಮುರಿದುಕೊಂಡಿದ್ದರು. ಇವತ್ತಿಗೂ ಅವರಿಗೆ ನೆಟ್ಟಗೆ ನಡೆಯಲು ಆಗುವುದಿಲ್ಲ. ಬೇಬಿಯಕ್ಕನಿಗೆ ಆ ರಸ್ತೆಯ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ.

ಬೇಬಿಯಕ್ಕನ ಗಂಡ ಮಂಜಣ್ಣ ಇರುವುದು ಥಾಣೆಯಲ್ಲಿ. ಅಲ್ಲೊಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು ಇಪ್ಪತ್ತು ವರ್ಷಗಳ ಮೇಲಾಯಿತು. ಡೈರಿಯ ಶೇರು ಅವರ ಹೆಸರಿನಲ್ಲಿದೆ. ಯಾಕೆ ಅಂದರೆ, ಶೇರು ಮಾಡಿಸುವಾಗ ಮನೆಯ ಯಜಮಾನರ ಹೆಸರು ಕೇಳಿದ್ದರು. ಅಷ್ಟೇ. ಮತ್ತೆ ಯಾರೂ ಏನೂ ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಬೇಬಿಯಕ್ಕ ನನ್ನ ಮೇಜಿನ ಎದುರು ಬಂದು ನಿಂತರು. ಕೈಯಲ್ಲಿ ಗಂಡನ ವೋಟಿನ ಚೀಟಿ, ಗಂಡನ ಗುರುತಿನ ಕಾರ್ಡು. ಬೊಂಬಾಯಿಯಿಂದ ವೋಟು ಹಾಕಲು ಬರುವವರ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ, ಅವರು ಹೊತ್ತಿಗೆ ಮುಟ್ಟುವುದು ಕಷ್ಟ, ಹಾಗಾಗಿ ತಾನೇ ಹಾಕಿ ಹೋಗುತ್ತೇನೆ ಅಂದರು. ಎಷ್ಟು ಸಹಜವಾಗಿ ಅಂದರೆ, ಹಾಲು ಅಳೆಯುವಾಗ ಕ್ಯಾನ್ ಮುಂದಿಡುವಷ್ಟೇ ಸಹಜವಾಗಿ.

ಆಗುವುದಿಲ್ಲ ಬೇಬಿಯಕ್ಕ, ಪಟ್ಟಿಯಲ್ಲಿ ಯಾರ ಹೆಸರು ಇದೆಯೋ ಅವರೇ ಬರಬೇಕು ಅಂದೆ.

"ಮಹಾಸಭೆಗೆ ವರ್ಷ ವರ್ಷ ನಾನೇ ಬತ್ತೆ ಅಲ್ದಾ ಟೀಚರೇ? ಅವ್ರ ಹೆಸ್ರಿನ್ ಎದ್ರಿಗೆ ನಾನೇ ಸೈ ಹಾಕ್ತೆ. ಅಲ್ಲಿ ಆತ್ತ್, ಇಲ್ಲಿ ಎಂತಕ್ಕೆ ಆತಿಲ್ಲೆ?"

ಉತ್ತರ ನೀವೇ ಕೊಡಿ ನೋಡೋಣ.

ಸಂಘದ ನಿಯಮ ಹೀಗಿದೆ: ವೋಟಿನ ಹಕ್ಕು ಉಳಿಯಬೇಕಾದರೆ ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿರಬೇಕು, ಮಹಾಸಭೆಗೆ ಬಂದಿರಬೇಕು. ಇಲ್ಲದಿದ್ದರೆ ಅನರ್ಹರ ಪಟ್ಟಿಗೆ. ಮಂಜಣ್ಣನ ಹೆಸರು ಅರ್ಹರ ಪಟ್ಟಿಯಲ್ಲಿ ಜಮ್ಮೆಂದು ಕೂತಿತ್ತು. ಹಾಲು ಹಾಕಿದವರು ಮಂಜಣ್ಣ. ಸಭೆಗೆ ಬಂದವರೂ ಮಂಜಣ್ಣ. ಥಾಣೆಯಿಂದ ದಿನಕ್ಕೆರಡು ಸಲ ಬಂದು ಹಾಲು ಕರೆದು ಹೋಗುತ್ತಿದ್ದರೋ ಏನೋ, ನಮಗೇ ಕಾಣಲಿಲ್ಲ.

ಅಂದರೆ ಮಂಜಣ್ಣನ ವೋಟು ಸಾಯದಂತೆ ನೋಡಿಕೊಂಡವರು ಬೇಬಿಯಕ್ಕ. ಆ ಕೈಯಿಂದ ಹಾಲು ಆಗುತ್ತದೆ, ಸಹಿ ಆಗುತ್ತದೆ, ಮತಪತ್ರ ಮಾತ್ರ ಆಗುವುದಿಲ್ಲ. ಸಭೆಯಲ್ಲಿ ಆ ಸಹಿಯನ್ನು ತಡೆದವರು ಒಬ್ಬರಾದರೂ ಇದ್ದರೇ? ಇಲ್ಲ. ಕೋರಂ ಆಗಬೇಕಲ್ಲ, ಆಗ ಹೆಂಗಸರ ತಲೆಯೂ ಲೆಕ್ಕಕ್ಕೆ ಬರುತ್ತದೆ. ಇನ್ನೊಬ್ಬರ ವೋಟು ಹಾಕುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ನಾನು ಮಾಡಿದ್ದು ನಿಯಮದ ಪ್ರಕಾರ ಸರಿ. ಸರಿಯಾದ ಕೆಲಸ ಮಾಡಿ ಇಷ್ಟು ನಾಚಿಕೆಯಾದದ್ದು ನನ್ನ ಸರ್ವೀಸಿನಲ್ಲೇ ಮೊದಲು.

ಬೇಬಿಯಕ್ಕ ಜಗಳ ಮಾಡಲಿಲ್ಲ. ಮಾಡಿದ್ದರೆ ನನಗೆ ಸ್ವಲ್ಪ ಸಮಾಧಾನ ಆಗುತ್ತಿತ್ತು. ಚೀಟಿ ಮಡಚಿಕೊಂಡು ಹೊರಗೆ ಹೋಗಿ ಶಾಲೆಯ ಜಗಲಿಯಲ್ಲಿ ಕೂತರು.

ನಾಲ್ಕು ಗಂಟೆಗೆ ಮತದಾನ ಮುಗಿಯಬೇಕು. ಹತ್ತು ನಿಮಿಷ ಇದೆ ಅನ್ನುವಾಗ ಬಸ್ಸು ಬಂತು. ಸೀದಾ ಶಾಲೆಯ ಗೇಟಿಗೇ. ಬಸ್ಸು ಮಾಡಿಸಿದ್ದು ಕಾಂಪ್ಲೆಕ್ಸಿನ ತಂಡ. (ನಮ್ಮ ಕಡೆ ಇದು ಗುಟ್ಟೇನಲ್ಲ. ಯಾವ ಚುನಾವಣೆ ಬಂದರೂ ಬೊಂಬಾಯಿ ಬಸ್ಸುಗಳಲ್ಲಿ ಸೀಟು ಸಿಗುವುದಿಲ್ಲ.) ಇಡೀ ದಿನದ ಪ್ರಯಾಣದಲ್ಲಿ ನಲುಗಿದ ಅಂಗಿ, ಹೆಗಲಲ್ಲಿ ಬ್ಯಾಗು, ಮಂಜಣ್ಣನೂ ಇಳಿದರು. ಬಾಗಿಲಲ್ಲಿ ಹೆಂಡತಿ ಚೀಟಿ, ಕಾರ್ಡು ಕೊಟ್ಟರು, ಗಂಡ ಒಳಗೆ ಬಂದರು. ನಾನು ಹೆಸರು ಓದಿದೆ, ಗೆರೆ ಎಳೆದೆ. ನಿಮಿಷವೂ ಹಿಡಿಯಲಿಲ್ಲ.

ಮತ ಗುಪ್ತ, ಯಾರಿಗೆ ಹಾಕಿದರು ಅಂತ ನನಗೆ ಗೊತ್ತಾಗಬಾರದು. ಆದರೆ ಮಂಜಣ್ಣ ಪಾಪದವರು, ಜಗಲಿಯಲ್ಲೇ ಹೆಂಡತಿಗೆ ಹೇಳಿದರು. ಕಿಟಕಿ ಪಕ್ಕ ಕೂತ ನನಗೂ ಕೇಳಿಸಿತು.

"ಅಷ್ಟ್ ದೂರದಿಂದ ಕರ್ಕಂಡ್ ಬಂದಿರಲೆ. ಅವ್ರ್ ಬಸ್ಸಗೆ ಬಂದ್ಕಂಡ್ ಬೇರೆಯವ್ರಿಗೆ ಹಾಕುಕಾತ್ತಾ?"

ನೋಡಿ, ಮನುಷ್ಯ ಎಷ್ಟು ಮರ್ಯಾದಸ್ಥ. ಒಂದು ಸೀಟಿನ ಋಣ ಇಟ್ಟುಕೊಳ್ಳಲಿಲ್ಲ. ಇಷ್ಟು ವರ್ಷ ದನ ಸಾಕಿ ತನ್ನ ಹೆಸರು ಉಳಿಸಿದವಳ ಋಣದ ನೆನಪು ಮಾತ್ರ ಬರಲಿಲ್ಲ. ಫೋನಿನಲ್ಲಿ ಬೇಬಿಯಕ್ಕ ಆ ರಸ್ತೆಯ ಬಗ್ಗೆ ಎಷ್ಟೋ ಸಲ ಹೇಳಿದ್ದರಂತೆ. ಅವರು ಪ್ರತಿ ಸಲವೂ ಹೂಂ ಅಂದಿದ್ದರಂತೆ.

ಸಂಜೆ ಎಣಿಕೆ ಆಯಿತು. ಕಾಂಪ್ಲೆಕ್ಸಿನ ತಂಡ ಗೆದ್ದಿತು. ಅಂತರ ಎಷ್ಟು ಅಂದರೆ, ಆ ಬಸ್ಸು ಇನ್ನೊಂದು ಹತ್ತು ನಿಮಿಷ ತಡವಾಗಿದ್ದರೆ ಫಲಿತಾಂಶ ಉಲ್ಟಾ. ಮುಂದಿನ ತಿಂಗಳಿನಿಂದ ಡೈರಿ ಮೂಡುಬದಿಗೆ ಅಂತ ಅಲ್ಲೇ ಘೋಷಣೆಯೂ ಆಗಿಹೋಯಿತು. ಪಟಾಕಿ ಹೊಡೆದವರಲ್ಲಿ ಅರ್ಧ ಜನ ಮರುದಿನ ಸಂಜೆ ಬೊಂಬಾಯಿ ಬಸ್ಸು ಹತ್ತುವವರು.

ಸೋಮವಾರ ಬೆಳಿಗ್ಗೆ ಹಾಲಿಗೆಂದು ಡೈರಿಗೆ ಹೋದರೆ ಸಾಲಿನಲ್ಲಿ ಮಂಜಣ್ಣ. ಕೈಯಲ್ಲಿ ಕ್ಯಾನ್. ನಾಲ್ಕು ಹೆಜ್ಜೆ ಹಿಂದೆ ಬೇಬಿಯಕ್ಕ, ಕೈಕಟ್ಟಿ ನಿಂತಿದ್ದರು. ಮೆಂಬರು ನೀವಲ್ಲವೇ, ಇವತ್ತು ಹಾಲು ನೀವೇ ಹಾಕಿ ಬನ್ನಿ ಅಂತ ಕ್ಯಾನ್ ಹಿಡಿಸಿದ್ದರಂತೆ.

ಕಾರ್ಯದರ್ಶಿ ಮೆಂಬರ್ ನಂಬರ್ ಕೇಳಿದರು. ಮಂಜಣ್ಣ ಸುತ್ತ ನೋಡಿದರು, ತಲೆ ಕೆರೆದುಕೊಂಡರು. ಹಿಂದಿನಿಂದ ಬೇಬಿಯಕ್ಕ ಮೆಲ್ಲಗೆ ಅಂದರು.

"ಹ್ವಾಯ್, ನಿನ್ನಿ ವೋಟಿನ್ ಚೀಟಿಯಗೆ ಬರ್ದಿತ್ತಲೆ, ಕಾಣಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಸಿಟ್ಟು ಬಂತು, ಮೊದಲು ನನ್ನ ಮೇಲೆಯೇ. ಇಷ್ಟು ವರ್ಷದಿಂದ ಈ ಸಾಲಿನಲ್ಲಿ ನಿಂತು ಹಾಲು ಕೊಂಡವಳು, ಹಾಲು ಹಾಕಲು ಬರುವವರೆಲ್ಲ ಹೆಂಗಸರು, ಗೋಡೆಯ ಬೋರ್ಡಿನಲ್ಲಿರುವ ಸದಸ್ಯರ ಹೆಸರುಗಳೆಲ್ಲ ಗಂಡಸರವು ಅನ್ನುವುದನ್ನು ಒಂದು ದಿನವಾದರೂ ಗಮನಿಸಿದ್ದೇನೆಯೇ?

ಬೇಬಿಯಕ್ಕನ ಹೆಸರಿಗೆ ಶೇರು ಮಾಡಿ ಕೊಡಿ ಅಂತ ಕಾರ್ಯದರ್ಶಿಯನ್ನು ಅಲ್ಲೇ ಕೇಳಿದೆ. ಒಂದು ಮನೆಗೆ ಒಂದೇ ಶೇರು ಅಂದರು. ಕಾನೂನಾ ಅಂದೆ. ಕಾನೂನು ಅಂತಲ್ಲ, ನಮ್ಮಲ್ಲಿ ಮೊದಲಿನಿಂದ ಹಾಗೇ ಅಂದರು. (ಈ "ಮೊದಲಿನಿಂದ ಹಾಗೇ" ಅನ್ನುವ ಕಾನೂನನ್ನು ಯಾವ ವಿಧಾನಸಭೆ ಪಾಸು ಮಾಡಿತು?) ಬೇಕಿದ್ದರೆ ಗಂಡ ತನ್ನ ಶೇರನ್ನು ಹೆಂಡತಿಯ ಹೆಸರಿಗೆ ಬರೆದುಕೊಡಲಿ, ಒಂದು ಅರ್ಜಿ, ಒಂದು ಸಹಿ ಸಾಕು ಅಂದರು.

ಬೇಬಿಯಕ್ಕ ಅರ್ಜಿ ತೆಗೆದುಕೊಂಡು ಗಂಡನ ಮುಂದಿಟ್ಟರು. ಕಾರ್ಯದರ್ಶಿಯ ಪೆನ್ನನ್ನೂ ಕೊಟ್ಟರು. ಮಂಜಣ್ಣ ಅರ್ಜಿಯನ್ನು ಎರಡು ಸಲ ಓದಿದರು.

"ಇದ್ನೂ ಕೊಟ್ರೆ ನಂದ್ ಅಂತ ಊರಗೆ ಎಂತ ಉಳಿತ್ ಟೀಚರೇ?"

ಆಯುಷ್ಯವೆಲ್ಲ ಪರವೂರಿನ ಗಲ್ಲಾಪೆಟ್ಟಿಗೆಯ ಮುಂದೆ ಕಳೆದವರಿಗೆ ಪಟ್ಟಿಯಲ್ಲೊಂದು ಹೆಸರು ಬೇಕು ಅನಿಸುವುದು ತಪ್ಪಲ್ಲ. ಆದರೆ ಬೇಬಿಯಕ್ಕನಿಗೆ ಆ ಪಟ್ಟಿಯಲ್ಲಿ ಏನು ಉಳಿದಿದೆ? ಅದನ್ನು ಅವರು ಕೇಳಲಿಲ್ಲ. ನಾನು ಕೇಳಿದೆ. ದೀಪಾವಳಿಗೆ ಬರುತ್ತೇನಲ್ಲ, ಆಗ ನೋಡುವ ಅಂದರು ಮಂಜಣ್ಣ. ಅರ್ಜಿಯನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು. ಬೇಬಿಯಕ್ಕ ಪೆನ್ನು ವಾಪಸು ಕೊಟ್ಟು, ಖಾಲಿ ಕ್ಯಾನ್ ಎತ್ತಿಕೊಂಡು ಮನೆಗೆ ನಡೆದರು.

ಅರ್ಜಿ ಈಗ ಥಾಣೆಯಲ್ಲಿದೆ. ಮುಂದಿನ ಚುನಾವಣೆ ಐದು ವರ್ಷದ ನಂತರ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಆರು ಗಂಟೆಗೆ ಕ್ಯಾನ್ ಹಿಡಿದು ಆ ನಾಲ್ಕು ಲೇನ್ ದಾಟುವ ಸದಸ್ಯರು ಯಾರು, ಪಟ್ಟಿ ನೋಡಿ ಹೇಳುತ್ತೀರಾ?