ಹೊರೆ ಹೊತ್ತ ಕುದುರೆ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕರ್ರಗಿತ್ತು, ಎಂದೋ ಬಿದ್ದ ಸುತ್ತಿಗೆ ಏಟು. ಯೋಚನೆ ಬಂದಾಗ ಅದರಿಂದಲೇ ಹಲ್ಲು ತಟ್ಟಿಕೊಳ್ಳುತ್ತಿದ್ದರು. ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ, ಮಗ್ಗ ರಿಪೇರಿಯ ಬಡಿಗರು. ಆ ಟಕ್ ಟಕ್ ಕೇಳಿಸಿತೆಂದರೆ ಪ್ರಶ್ನೆಯೊಂದು ಬಂತೆಂದೇ ಅರ್ಥ. ಶಾಲೆಯಲ್ಲಿ ಇತಿಹಾಸ ಕಲಿಸುವ ತಪ್ಪಿಗೆ ಉತ್ತರ ನಾನೇ ಹುಡುಕಬೇಕು.

ಮಗ್ಗದ ಹಾಸುನೂಲು ಸುತ್ತುವ ಹಳೆಯ ಡ್ರಮ್ಮನ್ನು ಓಣಿಯ ಬಯಲಲ್ಲಿ ತಿರುಗುವಂತೆ ನೆಟ್ಟು, ಅದರ ಸುತ್ತ ಮಕ್ಕಳಿಗೆಂದು ನಾಲ್ಕು ಮರದ ಕುದುರೆ ಕಟ್ಟಿದ್ದರು.

“ತಂಗಿ, ಈ ಆಟ ಮೊದಲ ಯಾರು ಆಡಿದ್ರು?”

ಹುಡುಕಿ ಹೇಳಿದೆ: ಇದು ಮೊದಲಿಗೆ ಸವಾರರ ಕಸರತ್ತು. ಕುದುರೆ ಮೇಲೆ ಸುತ್ತುತ್ತ ಮಣ್ಣಿನ ಉಂಡೆ ಎಸೆದಾಡುತ್ತಿದ್ದರಂತೆ. ಈ ಆಟದ ಕರೋಸೆಲ್ ಎಂಬ ಇಂಗ್ಲಿಷ್ ಹೆಸರಿಗೆ ಸಣ್ಣ ಯುದ್ಧ ಎಂಬ ಅರ್ಥವೂ ಇದೆಯಂತೆ. ಈಗ ವಿಮಾನ ನಿಲ್ದಾಣದಲ್ಲಿ ಸಾಮಾನು ಹೊತ್ತು ಸುತ್ತುವ ಪಟ್ಟಿಗೂ ಅದೇ ಹೆಸರು.

“ಯುದ್ಧ ಹೋತು, ಆಟ ಉಳೀತು. ಛಲೋ ಆತು,” ಎಂದು ನಕ್ಕರು.

ಅವರ ಆಸೆ ಒಂದೇ. ಮಂಡಿನೋವು ಬಂದಾಗಿನಿಂದ ಹೊಸ್ತಿಲು ಬಿಟ್ಟು ಏಳದ ಹೆಂಡತಿ, ನಮ್ಮ ಕಾಕು, ಒಮ್ಮೆ ಅದರ ಮೇಲೆ ಕೂರಬೇಕು. ಕಾಕು ಕುರಿಹಿಂಡಿನ ಹಿಂದೆ ಬೆಳೆದವರು. ಅವರಿಗೆ ಗೊತ್ತಿದ್ದ ಕುದುರೆ ಗಡಿಗೆ, ಕಂಬಳಿ, ಎಳೆಮರಿಗಳನ್ನು ಹೊತ್ತು ಊರೂರು ನಡೆಯುವಂಥದ್ದು. ಕಾಕಾ ಮಾಡಿದ್ದು ಜೂಲು ಹಾರಿಸುವ ರಾಜರ ಕುದುರೆ.

“ಸಾಮಾನ ಹೊತ್ತು ತಿರುಗೂದ ಖರೇ ಕುದುರಿ ನೋಡ್ರಿ,” ಎಂದರು ಕಾಕು. “ಬರೇ ಬೆನ್ನಿನ ಕುದುರಿ ಎಂಥಾದ್ದು?”

ಕಾಕಾ ಮರುದಿನವೇ ಉಳಿ ಹಿಡಿದರು. ಒಂದು ಕುದುರೆಯ ಪಕ್ಕಕ್ಕೆ ಮರದ ಚೀಲ ಬಂತು, ಚೀಲದಿಂದ ಇಣುಕುವ ಕುರಿಮರಿಯೂ ಬಂತು. ಕಾಕು ಹೊಸ್ತಿಲಿಂದಲೇ ನೋಡಿದರು.

“ಒಂದ ಕಡೆ ಹೇರಿದ್ರ ಕುದುರಿ ವಾಲೂದಿಲ್ಲೇನ್ರಿ?”

ಇಷ್ಟು ಸಣ್ಣ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಕಾಕಾ ಹೊಟ್ಟೆ ಹಿಡಿದು ನಕ್ಕರು. ಇನ್ನೊಂದು ಪಕ್ಕದ ಚೀಲ ಜೋಡಿಸಿ, ಅದರ ಮರಿಯ ಮುಖ ಕೆತ್ತುತ್ತಿದ್ದ ವಾರದಲ್ಲೇ ಎದೆನೋವೆಂದು ಮಲಗಿದವರು ಏಳಲಿಲ್ಲ. ಮರಿಗೆ ಕಿವಿ ಮೂಡಿರಲಿಲ್ಲ. ಇವತ್ತಿಗೂ ಏನಾದರೂ ಓದುವಾಗ ‘ಮೊದಲ ಯಾರು?’ ಎಂದು ಕೇಳುವ ನನ್ನ ಚಟ ಅವರು ಹಚ್ಚಿದ್ದು. ಹುಡುಕಿದ್ದನ್ನು ಹೇಳಲು ಅವರೇ ಇಲ್ಲ ಎಂಬುದು ಸಂಕಟ.

ತಿಂಗಳಾದ ಮೇಲೆ ಒಂದು ಸಂಜೆ ಕಾಕು ನನ್ನ ಹೆಗಲು ಹಿಡಿದು ಬಯಲಿಗೆ ಬಂದರು. ಎರಡೂ ಚೀಲ ಅಲುಗಿಸಿ ನೋಡಿದರು. ಕಿವಿಯಿಲ್ಲದ ಮರಿಯ ತಲೆ ಸವರಿದರು.

“ಈಗ ಸಮ ಆತು,” ಎಂದು ಕುದುರೆ ಹತ್ತಿ ಕೂತರು. “ಸಾವಕಾಶ ತಿರುವ ತಂಗಿ. ಮರಿ ಮಲಗ್ಯಾವ.”