ಗೋದಾಮಿಗೆ ಪ್ರದಕ್ಷಿಣೆ

ಮಾಸೂರಿನ ತವರುಮನೆಯ ಹಿತ್ತಲಲ್ಲಿ ಜಾರಿ ಬಿದ್ದಾಗ ಮುರಿದದ್ದು ಎಡಗೈ ಮಣಿಕಟ್ಟು ಮಾತ್ರ. ತಲೆಗೆ ಪೆಟ್ಟಾಗಲಿಲ್ಲ, ಅದು ಶಿವನ ಕರುಣೆ. ಆದರೆ ಪೂಜೆಯಲ್ಲಿ ಇಷ್ಟಲಿಂಗ ಕೂರಬೇಕಾದದ್ದು ಎಡಗೈಯಲ್ಲೇ. ಪ್ಲಾಸ್ಟರ್ ಇರುವ ತನಕ ತಟ್ಟೆಯಲ್ಲಿಟ್ಟು ಪೂಜಿಸಿದೆ. ಬಿಚ್ಚಿದ ಮರುದಿನ ಸವಣೂರಿನ ನಮ್ಮ ಮನೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಹೆಬ್ಬೆರಳು ಹೊರಕ್ಕೆ ಸರಿಯಲಿಲ್ಲ, ಅಂಗೈ ಅರಳಲಿಲ್ಲ. ಲಿಂಗ ಜಾರಿತು. ನೆಲಕ್ಕಲ್ಲ, ಮಡಿಲಿಗೆ. ಅದೂ ಕರುಣೆಯೇ ಅಂದುಕೊಂಡರೂ ಕಣ್ಣು ತುಂಬಿತು.

ಬೆರಳು ಆಡಿಸುತ್ತಿರಿ ಅಂದಿದ್ದರು ಡಾಕ್ಟರು. ಚೆಂಡು ಹಿಸುಕಿ ಹಿಸುಕಿ ಬೇಸರವಾಗಿತ್ತು. ಕಾಲೇಜಿಗೆ ಹೋಗುವ ಮಗಳು ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು.

"ಇದನ್ನ ಆಡು ಯವ್ವಾ. ಎಡಗೈ ಹೆಬ್ಬಟ್ಟು ನಡಸ್ತೈತಿ. ಬಲಗೈದು ತಿರಗಸ್ತೈತಿ, ಗುಂಡು ಹೊಡೀತೈತಿ."

"ಬಂದೂಕಿನ ಆಟ ನನಗ್ಯಾಕ? ಲಿಂಗ ಹಿಡಿಯೋ ಕೈ ಇದು."

"ಹೊಡಿಯೋದು ಬಲಗೈ. ನಿನ್ನ ಲಿಂಗದ ಕೈ ಬರೇ ಅಡ್ಡಾಡತೈತಿ!"

ಮೊಬೈಲನ್ನು ಅಡ್ಡಲಾಗಿ ಎರಡೂ ಕೈಯಲ್ಲಿ ಹಿಡಿದೆ.

ಪರದೆಯಲ್ಲಿ ಕಂಡದ್ದು ಒಂದು ಬಂದೂಕು, ಅದನ್ನು ಹಿಡಿದ ಎರಡು ಕೈ. ನನ್ನ ಕಾಲೆಲ್ಲಿ ಎಂದು ಹುಡುಕಿದೆ, ಕಾಣಲಿಲ್ಲ. ಆದರೂ ಹೆಬ್ಬೆರಳು ಒತ್ತಿದರೆ ನೆಲ ಹಿಂದಕ್ಕೆ ಸರಿಯುತ್ತಿತ್ತು, ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಎದುರಿಗೊಂದು ಹಳೆಯ ಗೋದಾಮು. ಕಟ್ಟಡವನ್ನು ಬಲಕ್ಕಿಟ್ಟುಕೊಂಡು ಸುತ್ತತೊಡಗಿದೆ.

"ಯವ್ವಾ, ಅದು ಗುಡಿ ಅಲ್ಲ, ಗೋದಾಮು! ಈ ಕಡಿಂದ ಹೋಗು, ಹತ್ತರ ಐತಿ."

"ಇರ್ಲಿ ಬಿಡು. ಬಲಕ್ಕಿದ್ರನ ನನಗ ಸಮಾಧಾನ."

ಮಗಳು ಮೊದಲು ಹಗುರ ಹಂತ ಇಟ್ಟಿದ್ದಳು. ಅಲ್ಲಿಯ ವೈರಿಗಳು ಪಾಪದವರು. ಎದುರಿಗೆ ನಿಂತರೂ ಅವರ ಗುಂಡು ನನಗೆ ತಾಗುತ್ತಿರಲಿಲ್ಲ. ಹೆಬ್ಬೆರಳನ್ನು ಮುಂದಕ್ಕೆ ಒತ್ತಿ ನೇರ ನಡೆದರೆ ಸಾಕು, ಗೆಲುವು. ಕೈಗೆ ನೋವೂ ಇಲ್ಲ, ಗುಣವೂ ಇಲ್ಲ. ಗಾಳಿಗೆ ಮೆತ್ತಗಾದ ಕುರುಕಲು ಖಾರ ತಿಂದಂತಿತ್ತು ಆಟ.

ಹಾಗಂದದ್ದೇ ತಡ, ಮಗಳು ಕಠಿಣ ಹಂತಕ್ಕೇರಿಸಿದಳು. ಮೊದಲ ಮೂಲೆ ತಿರುಗುತ್ತಲೇ ಸತ್ತೆ. ಅದೇ ಬಂದೂಕು, ಅದೇ ಗೋದಾಮು, ಆದರೆ ಈಗ ಒಂದೊಂದು ಹೆಜ್ಜೆಗೂ ಭಾರ ಬಂದಿತ್ತು. ಮಾಸೂರಿನ ಕೆಸರುಗದ್ದೆಯಲ್ಲಿ ಕಾಲಿಡುವಾಗ ಮನಸ್ಸೆಲ್ಲ ಕಾಲಿಗೆ ಬರುತ್ತಿತ್ತಲ್ಲ, ಹಾಗೆ. ಮೂಲೆಯಾಚೆ ಯಾರಿದ್ದಾರೆಂದು ಇಣುಕಿಯೇ ಮುಂದೆ ಹೋಗಬೇಕು. ಗೋಡೆ ನನ್ನ ಬಲಕ್ಕೆ, ಹಾಗಾಗಿ ಇಣುಕಲು ಎಡಕ್ಕೇ ಸರಿಯಬೇಕು. ಹೆಬ್ಬೆರಳು ಹೊರಕ್ಕೆ ಚಾಚಬೇಕು. ಪ್ರತಿ ಮೂಲೆಗೂ ಅದೇ, ನನ್ನ ಬೆರಳು ಒಲ್ಲೆನೆನ್ನುವ ದಿಕ್ಕೇ. ಬಿಡದೆ ಪ್ರದಕ್ಷಿಣೆ ಹಾಕಿದೆ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಏನ್ರಿ ಸಿಪಾಯಿ ಬಾಯಾರ, ಇವತ್ತು ಚಾ ಸಿಗ್ತೈತೋ ಇಲ್ಲೋ?"

"ನೀವ ಮಾಡ್ಕೊರ್ರಿ. ಮೂಲ್ಯಾಗ ಒಬ್ಬಾಂವ ನಿಂತಾನ."

ಮಾಡಿಕೊಂಡರು. ನನಗೂ ಒಂದು ಲೋಟ ತಂದಿಟ್ಟರು. ಕೈ ಮುರಿಯುವ ಮುಂಚೆ ಈ ಭಾಗ್ಯ ಇರಲಿಲ್ಲ.

ಚೆಂಡು ಹಿಸುಕುವಾಗ ನೋವು ಬಂದರೆ ನಿಲ್ಲಿಸುತ್ತಿದ್ದೆ. ಮೂಲೆಯಲ್ಲಿ ನಿಂತವನ ಮುಂದೆ ನೋವು ನೆನಪಾಗುತ್ತಿರಲಿಲ್ಲ. ದಿನಗಳೆದಂತೆ ಬೆರಳು ತಾನಾಗಿಯೇ ಸರಿಯತೊಡಗಿತು. ಒಂದು ಮುಂಜಾನೆ ಲಿಂಗವನ್ನು ಅಂಗೈ ಮೇಲಿಟ್ಟೆ. ಹೆಬ್ಬೆರಳು ಹೊರಕ್ಕೆ ಸರಿಯಿತು, ಅಂಗೈ ಅರಳಿತು. ಬಿಲ್ವಪತ್ರಿ ಏರಿಸಿದೆ, ಲಿಂಗ ಕದಲಲಿಲ್ಲ.

"ಬಿತ್ತೇನ ಯವ್ವಾ?" ಎಂದು ಅಡುಗೆಮನೆಯಿಂದ ಮಗಳು ಕೂಗಿದಳು.

ಪೂಜೆಯ ನಡುವೆ ಮಾತಾಡಬಾರದು. ಮುಗಿಸಿ, ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು, ಹೊರಗೆ ಬಂದು ಅಂಗೈ ಬಿಚ್ಚಿ ತೋರಿಸಿದೆ.

"ಹಂಗಾರ ನನ್ನ ಮೊಬೈಲ್ ಕೊಡು ಇನ್ನ."

"ತಡಿ," ಅಂದೆ. "ಪ್ರದಕ್ಷಿಣಿ ಅರ್ಧಕ್ಕ ಬಿಡಬಾರದು. ಇನ್ನೊಂದು ಮೂಲಿ ಉಳದೈತಿ."