ಹೆಂಗಸರ ವೇಟಿಂಗ್ ರೂಮಿನ ಚಿಲಕ

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮವರಿಗೆ ಗುಬ್ಬಿಗೆ ವರ್ಗವಾಗಿತ್ತು. ಅಲ್ಲಿನ ರೈಲ್ವೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ ಒಬ್ಬ ಮುದುಕಿ ಬಂದು ನೆಲೆಸಿದ್ದಳು. ಚೇಳೂರು ಕಡೆಯವಳು ಎನ್ನುವುದಷ್ಟೇ ಊರಿಗೆ ಗೊತ್ತಿದ್ದುದು. ಬರಿದೇ ಮಲಗಿ ಏಳುತ್ತಿದ್ದರೆ ಯಾರೂ ಚಕಾರವೆತ್ತುತ್ತಿರಲಿಲ್ಲವೇನೋ. ಆದರೆ ಬೆಳಿಗ್ಗೆ ತುಮಕೂರಿಗೆ ಹೋಗುವ ರೈಲು ಬರುವ ಹೊತ್ತಿಗೆ ಸರಿಯಾಗಿ ಅವಳು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಎಷ್ಟು ಬಡಿದರೂ ತೆಗೆಯುತ್ತಿರಲಿಲ್ಲ.

ಮಹಿಳಾ ಸಮಾಜದಲ್ಲಿ ಹೊಲಿಗೆ ಕ್ಲಾಸು ಮುಗಿದ ಮೇಲೆ ಒಂದು ದಿನ ಇದೇ ಚರ್ಚೆ. ದಿನಾ ತುಮಕೂರಿಗೆ ಓಡಾಡುತ್ತಿದ್ದ ಹೈಸ್ಕೂಲ್ ಮೇಡಂ ಸಿಟ್ಟಿನಲ್ಲಿದ್ದರು.

"ಅದೇನ್ ಅವಳ ಅತ್ತೆ ಮನೇನಾ ಚಿಲಕ ಹಾಕ್ಕೊಳ್ಳೋಕೆ? ಟಿಕೆಟ್ ತಗೊಂಡೋರು ಮಳೇಲಿ ಹೊರಗೆ, ತಗೊಳ್ದೇ ಇರೋಳು ಒಳಗೆ!"

ಹೊಲಿಗೆ ಕಲಿಸುತ್ತಿದ್ದ ಮುಸ್ಲಿಂ ಅಕ್ಕ, ನಮ್ಮೆಲ್ಲರ ಆಪಾ, ದಾರ ಕತ್ತರಿಸುತ್ತಾ, "ಕಳಿಸೋದಾದ್ರೂ ಎಲ್ಲಿಗೆ ಮೇಡಂ?" ಎಂದರು.

"ಬೆಂಗಳೂರಲ್ಲಿ ಇಂಥೋರಿಗೆ ಅಂತಾನೇ ಭಿಕ್ಷುಕರ ಕಾಲೋನಿ ಇದೆಯಲ್ಲ."

"ಅವಳು ಭಿಕ್ಷೆ ಬೇಡಿದ್ದು ನೋಡಿದೀರಾ?"

"ಹಂಗಾದ್ರೆ ನಿಮ್ಮನೇಲಿ ಇಟ್ಕೊಳ್ಳಿ."

ಆಪಾ ಸೂಜಿಗೆ ಮತ್ತೆ ದಾರ ಪೋಣಿಸತೊಡಗಿದರು.

ಬರವಣಿಗೆಯಲ್ಲಿ ದೂರು ಬಂದರೆ ಆಕೆಯನ್ನು ಸಾಗಹಾಕುತ್ತೇನೆಂದು ಸ್ಟೇಷನ್ ಮಾಸ್ಟರ್ ಹೇಳಿದ್ದರಂತೆ. ಕಾನ್ವೆಂಟಿನಲ್ಲಿ ಓದಿದವಳೆಂದು ಇಂಗ್ಲಿಷಿನಲ್ಲಿ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ಸಲ ತಿದ್ದಿ, ಸಿಸ್ಟರುಗಳು ಕಲಿಸಿದ ವಾಲಿದ ಅಕ್ಷರದಲ್ಲಿ, ಮಸಿ ಚೆಲ್ಲದಂತೆ ಬರೆದೆ. ನಿಜ ಹೇಳಬೇಕೆಂದರೆ, ಬರೆಯುವಾಗ ನನ್ನ ಗಮನವೆಲ್ಲ ವಾಕ್ಯಗಳ ಸೊಗಸಿನ ಮೇಲೇ ಇತ್ತು. ಮುದುಕಿಯ ನೆನಪೇ ಬರಲಿಲ್ಲ.

ಎಲ್ಲರ ಸಹಿ ಆದ ಮೇಲೆ ಕೊಟ್ಟುಬರಲು ಹೋದೆ. ರೈಲು ಆಗಷ್ಟೇ ಹೋಗಿತ್ತು. ವೇಟಿಂಗ್ ರೂಮಿನ ಬಾಗಿಲು ಇನ್ನೂ ಹಾಕಿತ್ತು. ಒಂದು ಮಾತು ಕೇಳಿಬಿಡೋಣ ಎನಿಸಿ ಬಡಿದೆ.

"ವಸಿ ತಡೀರವ್ವ, ಸೀರೆ ಇನ್ನೂ ಅರ್ಧ ಒಣಗ್ನಿಲ್ಲ."

ಕಿಟಕಿಯ ಹಲಗೆಗಳ ಸಂದಿಯಲ್ಲಿ ಕಂಡಿತು. ಒದ್ದೆ ಸೀರೆಯ ಒಂದು ತುದಿ ಬೆಂಚಿನ ಬೆನ್ನಿಗೆ ಕಟ್ಟಿದೆ, ಇನ್ನೊಂದು ತುದಿ ಅವಳ ಮೈಗೆ ಸುತ್ತಿದೆ. ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅಷ್ಟೇ ಉದ್ದದಲ್ಲಿ ನಿಂತಿದ್ದಾಳೆ.

"ಇರೋದು ಒಂದೇ ಸೀರೇನಾ?"

"ಒಂದೇ ಕಣವ್ವ. ನಲ್ಲೀಲಿ ನೀರು ಬರೋದು ಈ ಹೊತ್ನಾಗೇ. ಒಗೀದೆ ಇದ್ರೆ ನಾತ ಅಂತೀರಿ, ಒಗುದ್ರೆ ಬಾಗ್ಲಾಕ್ಕೊಂಡ್ಲು ಅಂತೀರಿ. ಏನ್ ಮಾಡ್ಲಿ, ನೀವೇ ಹೇಳಿ."

ಅರ್ಜಿ ಸೆರಗಿನಡಿ ಇಟ್ಟುಕೊಂಡು ಮನೆಗೆ ಬಂದೆ.

ಅರ್ಜಿ ಕೊಡದೆ ಬಂದೆನೆಂದು ಮರುದಿನ ಸಮಾಜದಲ್ಲಿ ಒಪ್ಪಿಕೊಂಡೆ. "ಕಾನ್ವೆಂಟ್ ಕರುಳು!" ಎಂದು ಯಾರೋ ನಕ್ಕರು. ಸೀರೆಯ ವಿಷಯ ಹೇಳಿದಾಗ ನಗು ನಿಂತಿತು. ಮೇಡಂ ಮಾತ್ರ ಸೋಲಲಿಲ್ಲ.

"ಇವತ್ತು ಸೀರೆ ಕೊಡ್ತೀರ, ನಾಳೆ ಅಲ್ಲೇ ಒಲೆ ಹಚ್ತಾಳೆ."

"ಹಚ್ಚಿದಾಗ ನೋಡ್ಕೊಳ್ಳೋಣ ಬಿಡಿ," ಎಂದರು ಆಪಾ.

"ಆಯ್ತು, ಒಂದ್ ವಾರ. ಮತ್ತೆ ಚಿಲಕ ಬಿತ್ತೋ, ಅರ್ಜಿ ನಾನೇ ಕೊಟ್ಟು ಬರ್ತೀನಿ." ಕಾಗದ ನನ್ನ ಕೈಯಿಂದ ಅವರ ಕೈಚೀಲಕ್ಕೆ ಹೋಯಿತು.

ಆಪಾ ಒಂದು, ನಾನೊಂದು ಸೀರೆ ಕೊಟ್ಟು ಬಂದೆವು. ಸೋಮವಾರ ತುಮಕೂರಿಗೆ ಹೋಗುವ ನೆಪ ಮಾಡಿಕೊಂಡು ಸ್ಟೇಷನ್ನಿಗೆ ಹೋದೆ. ಬಾಗಿಲು ತೆರೆದಿತ್ತು. ಹೊರಗೆ ಬೇಲಿಯ ಮೇಲೆ ಹಳೆಯ ಸೀರೆ ಪೂರ್ತಿ ಉದ್ದಕ್ಕೆ ಹರಡಿತ್ತು.

ಮುದುಕಿ ಅಂಗೈಯಲ್ಲಿ ಬೆಂಚು ಒರೆಸಿ, "ಬನ್ರವ್ವ, ಕೂತ್ಕಳಿ. ಗಾಡಿ ಇನ್ನೂ ನಿಟ್ಟೂರು ಬುಟ್ಟಿಲ್ಲ," ಎಂದಳು.

ಅದೇ ರೈಲಿಗೆಂದು ನನ್ನ ಹಿಂದೆಯೇ ಬಂದ ಮೇಡಂ ಹೊಸ್ತಿಲಲ್ಲೇ ನಿಂತರು. ಆಮೇಲೆ ಒಳಗೆ ಬಂದು ಬೆಂಚಿನ ತೀರಾ ತುದಿಯಲ್ಲಿ ಕೂತರು. ಮುದುಕಿ ಅವರನ್ನೇ ನೋಡುತ್ತಿದ್ದವಳು, "ವಸಿ ಎದ್ದೇಳಿ ತಾಯಿ, ಹಿಂದ್ಗಡೆ ಸೀರೆ ಮೇಲಕ್ಕೆ ಸಿಕ್ಕಾಕ್ಕೊಂಡೈತೆ," ಎಂದು ಅವರ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಅಂಚು ಎಳೆದು ಸರಿಮಾಡಿದಳು.

"ಸಾಕು, ಸಾಕು ಬಿಡವ್ವ," ಎಂದರು ಮೇಡಂ, ಮುಖ ಕೆಂಪಗಾಗಿ.

ವಾರ ಕಳೆಯಿತು. ಅರ್ಜಿ ಅವರ ಕೈಚೀಲದಲ್ಲೇ ಉಳಿಯಿತು. ಅವರೂ ಆ ಮಾತೆತ್ತಲಿಲ್ಲ, ನಾವೂ ಕೇಳಲಿಲ್ಲ. ನಮಗೆ ಕುಣಿಗಲ್ಲಿಗೆ ವರ್ಗವಾಗುವ ತನಕ ಮುದುಕಿ ಅಲ್ಲೇ ಇದ್ದಳು.